ಎತ್ತು, ಆಡು, ಕಾಡು

ಇಂಗ್ಲೆಂಡಿನ ಗ್ರಾಮಾಂತರಗಳಲ್ಲಿ ಬ್ಯಾಡ್ಜರ್ ಎಂಬ ಬಿಲವಾಸಿ ಪ್ರಾಣಿಯನ್ನು ಹಿಡಿದು ತಂದು, ಪೆಟ್ಟಿಗೆಯಲ್ಲಿಯೋ ಪೀಪಾಯಿಯಲ್ಲಿಯೋ ಕೂಡಿ, ನಾಯಿಗಳನ್ನು ಒಂದಾದಮೇಲೊಂದರಂತೆ ಅದರ ಮೇಲೆ ಛೂಬಿಟ್ಟು, ಆ ದೀನಜಂತುವಿನ ಪ್ರಾಣಸಂಕಟವನ್ನು ಪಣಕಟ್ಟಿ ನೋಡುವ ಕ್ರೂರವಿನೋದವೊಂದು ಬಹುಕಾಲ ನಡೆದುಬಂದಿತ್ತು. 1835ರ ಶಾಸನವು ಅದನ್ನು ನಿಷೇಧಿಸಿತಾದರೂ, ಅಷ್ಟು ಹೊತ್ತಿಗೆ ಆ ಪ್ರಾಣಿಯ ಹೆಸರೇ ಕ್ರಿಯಾಪದವಾಗಿ, ಒಬ್ಬನನ್ನು ಬಿಡದೆ ಬೆನ್ನುಹತ್ತಿ ಪೀಡಿಸುವುದು ಎಂಬ ಅರ್ಥದಲ್ಲಿ ಆ ಭಾಷೆಯಲ್ಲಿ ನೆಲೆಯೂರಿತ್ತು. ಪೀಡಿಸಿದವರು ಮನುಷ್ಯರು ಮತ್ತು ಅವರ ನಾಯಿಗಳು; ಪೀಡೆಗೆ ಹೆಸರು ಬಂದುದಾದರೋ ಅದನ್ನು ಅನುಭವಿಸಿದ ಪ್ರಾಣಿಯಿಂದ. ಒಂದು ಜನಾಂಗದ ನಡತೆಯ ಚರಿತ್ರೆಯು ಹೀಗೆ ಒಂದೇ ಪದದಲ್ಲಿ ಉಳಿದುಬಂದಿರುವುದನ್ನು ಕಂಡಾಗ, ಪದಗಳ ಪೂರ್ವವೃತ್ತವನ್ನು ಅರಸಿ ಬರೆದಿಡುವ ನಿಘಂಟುಕಾರರ ಕಾರ್ಯವು ಇತಿಹಾಸಕಾರರದಕ್ಕಿಂತ ಕಡಮೆಯದಲ್ಲವೆಂದು ನನಗೆ ತೋರುತ್ತದೆ.

ಕನ್ನಡದಲ್ಲಿ ಆ ಕಾರ್ಯದ ಮುಖ್ಯಪೀಠವಾದುದು ಬೆಂಗಳೂರಿನ ಚಾಮರಾಜಪೇಟೆ. 1892ರಲ್ಲಿ ರೂಪುಗೊಂಡು, ಚಾಮರಾಜೇಂದ್ರ ಒಡೆಯರ ಹೆಸರನ್ನು ಧರಿಸಿದ ಈ ಬಡಾವಣೆಯಲ್ಲಿಯೇ, 1915ರಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಜನ್ಮತಾಳಿದ ಸಾಹಿತ್ಯ ಪರಿಷತ್ತು ಮುಂದೆ ತನ್ನ ಸ್ವಂತ ಮಂದಿರವನ್ನು ಕಟ್ಟಿಕೊಂಡಿತು. ಅದಕ್ಕೆ ಮೊದಲು ಕನ್ನಡಕ್ಕೆ ಕೋಶಗಳಿರಲಿಲ್ಲವೆಂದಲ್ಲ. 1398ರಷ್ಟು ಹಿಂದೆಯೇ ಮಂಗರಾಜನು ಪದ್ಯರೂಪದ ನಿಘಂಟನ್ನು ರಚಿಸಿದ್ದನು. ಬಳ್ಳಾರಿಯ ರೀವ್ ಪಾದ್ರಿಗಳ ಕೋಶವನ್ನು ಸ್ಯಾಂಡರ್ಸನ್ನರು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಹೊರತಂದರು. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟ್ಟೆಲರ ಮಹಾಕೋಶವಂತೂ ಇಂದಿಗೂ ವಿದ್ವಾಂಸರ ಕೈಬಿಟ್ಟಿಲ್ಲ. ಆದರೆ ಶಾಸನಕಾಲದಿಂದ ಮೊದಲ್ಗೊಂಡು ತಮ್ಮ ಕಾಲದವರೆಗಿನ ಪ್ರಯೋಗಗಳನ್ನು ಕ್ರಮವಾಗಿ ಉದಾಹರಿಸಿ, ಕನ್ನಡದ ಅರ್ಥವನ್ನು ಕನ್ನಡದಲ್ಲಿಯೇ ಹೇಳುವ ಐತಿಹಾಸಿಕ ನಿಘಂಟಿನ ಸಂಕಲ್ಪವನ್ನು ತೊಟ್ಟುದು ಪರಿಷತ್ತು. ಗ್ರಂಥಗ್ರಂಥಗಳನ್ನು ಓದಿ, ಒಂದೊಂದು ಪ್ರಯೋಗವನ್ನೂ ಒಂದೊಂದು ಚೀಟಿಗೆ ಇಳಿಸಿ, ಆ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ, ಅರ್ಥಚ್ಛಾಯೆಗಳನ್ನು ವಿಂಗಡಿಸುವ ಆ ಕೆಲಸದಲ್ಲಿ ಎಷ್ಟು ಮಂದಿ ವಿದ್ವಾಂಸರ ಕಣ್ಣು ಸವೆದವೋ! ಡಿ. ಎಲ್. ನರಸಿಂಹಾಚಾರ್ಯರೂ, ಅವರ ತರುವಾಯ ಜಿ. ವೆಂಕಟಸುಬ್ಬಯ್ಯನವರೂ ಸಂಪಾದಕತ್ವದ ಹೊಣೆಯನ್ನು ಹೊತ್ತರು. 1970ರಲ್ಲಿ ಮೊದಲ ಸಂಪುಟವೂ 1995ರಲ್ಲಿ ಎಂಟನೆಯದೂ ಬೆಳಕು ಕಂಡವು.

ಇಂತಹ ನಿಘಂಟುಕಾರನನ್ನು ಸುಲಭವಾಗಿ ದಾರಿತಪ್ಪಿಸಬಲ್ಲ ಪದಗಳಲ್ಲಿ ‘ಎತ್ತು’ ಎಂಬುದು ಒಂದು. ಅದು ನಾಮವಾದರೆ ಪಶು, ಧಾತುವಾದರೆ ಮೇಲಕ್ಕೆ ಒಯ್ಯುವ ಕ್ರಿಯೆ. ಹಿಂದಿನ ಕಾಲದಲ್ಲಿ ನಮ್ಮ ತೋಟಗಳಲ್ಲಿ ಕಪಿಲೆಬಾವಿಗಳಿದ್ದವಷ್ಟೆ. ನೊಗಹೊತ್ತ ಜೋಡಿ ಇಳಿಜಾರಿನಲ್ಲಿ ಮುಂದೆ ಸಾಗಿದಂತೆ ಹಗ್ಗದ ತುದಿಯ ಬಾನಿಯು ತುಂಬಿ ಮೇಲೇರುತ್ತಿದ್ದ ನೋಟವನ್ನು ನೆನೆದವನು, ನೀರನ್ನು ಎತ್ತುವುದರಿಂದಲೇ ಇದಕ್ಕೆ ಎತ್ತೆಂಬ ಹೆಸರು ಬಂದಿತೆಂದು ನಂಬಿದರೆ ಆಶ್ಚರ್ಯವಿಲ್ಲ. ಆದರೆ ಆ ವ್ಯುತ್ಪತ್ತಿಯು ನಿಲ್ಲದು. ಈ ಪಶುವನ್ನು ತಮಿಳರು ಎರುದು ಎನ್ನುವರು, ತೆಲುಗರು ಎದ್ದು ಎನ್ನುವರು; ಮೇಲಕ್ಕೆ ಒಯ್ಯುವ ಕ್ರಿಯೆಯು ತೆಲುಗಿನಲ್ಲಿಯೂ ಎತ್ತುವೇ. ನೆರೆಭಾಷೆಯಲ್ಲಿ ಬೇರೆಬೇರೆಯಾಗಿಯೇ ಉಳಿದ ಎರಡು ಪದಗಳು ಕನ್ನಡದಲ್ಲಿ ಮಾತ್ರ, ನಾಮದೊಳಗಿನ ರೇಫವು ಕಾಲಕ್ರಮದಲ್ಲಿ ತಕಾರದೊಡನೆ ಬೆರೆತುಹೋದುದರಿಂದ, ಒಂದೇ ಧ್ವನಿಯಲ್ಲಿ ಬಂದು ಕೂಡಿದವು.

‘ಆಡು’ವಿನ ಕಥೆಯೂ ಇಂತಹುದೇ. ಕುಣಿದು ಕುಪ್ಪಳಿಸುವ ಆ ಚಪಲಪ್ರಾಣಿಗೆ ಆಟದಿಂದಲೇ ಹೆಸರು ಬಂದಿತೆಂಬುದು ಮನಸ್ಸಿಗೆ ಹಿತವಾದ ಊಹೆ. ಆದರೆ ಪ್ರಾಚೀನ ತಮಿಳಿನಲ್ಲಿ ಈ ಪ್ರಾಣಿಯು ಯಾಡು. ನಮ್ಮ ಆನೆಯು ಅಲ್ಲಿ ಯಾನೈ ಆಗಿರುವಂತೆ, ಇಲ್ಲಿಯೂ ಆದಿಯ ಯಕಾರವು ಕನ್ನಡದಲ್ಲಿ ಲೋಪವಾಗಿದೆ. ಆಡುವ ಕ್ರಿಯೆಗಾದರೋ ಅಲ್ಲಿಯೂ ಯಕಾರವಿಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ನಾಮಗಳಿಗೊಂದು ಪ್ರಕರಣವನ್ನೂ ಧಾತುಗಳಿಗೊಂದು ಪ್ರಕರಣವನ್ನೂ ಬೇರೆಯಾಗಿಟ್ಟ ವಿವೇಕವೇ, ನಾಮ ಮತ್ತು ಕ್ರಿಯೆಯ ಸಂಕೇತಾಕ್ಷರಗಳೊಡನೆ, ಪರಿಷತ್ತಿನ ನಿಘಂಟಿನ ಪುಟಗಳಲ್ಲಿಯೂ ಮುಂದುವರಿದಿದೆ.

ಅದೇ ಕೇಶಿರಾಜನ ಅಪಭ್ರಂಶಪ್ರಕರಣವು ನಮ್ಮನ್ನು ಚಾಮರಾಜಪೇಟೆಯ ನೆರೆಯ ಬಸವನಗುಡಿಗೆ ಕರೆದೊಯ್ಯುತ್ತದೆ. ಸಂಸ್ಕೃತದ ವೃಷಭವು ತದ್ಭವವಾಗಿ ಬಸವನಾಯಿತು. ಸುಂಕೇನಹಳ್ಳಿಯ ಗುಡ್ಡದ ಮೇಲಿನ ಏಕಶಿಲೆಯ ದೊಡ್ಡ ಬಸವಣ್ಣನಿಂದ, 1898ರ ಪ್ಲೇಗಿನ ತರುವಾಯ ಬೆಳೆದ ಇಡೀ ಬಡಾವಣೆಗೆ ಹೆಸರಾಯಿತು. ಬೆಳೆದ ಕಡಲೆಕಾಯಿಯನ್ನು ಮೇಯುತ್ತಿದ್ದ ಬಸವನನ್ನು ರೈತನೊಬ್ಬನು ಹೊಡೆಯಲು, ಅದು ಕಲ್ಲಾಗಿ ನಿಂತಿತೆಂದು ಐತಿಹ್ಯ. ಹೊಡೆದವರ ಪಶ್ಚಾತ್ತಾಪವು ಕಾರ್ತಿಕಮಾಸದ ಕಡೆಯ ಸೋಮವಾರದ ಪರಿಷೆಯಾಗಿ, ಹೊಸ ಬೆಳೆಯ ನೈವೇದ್ಯವಾಗಿ ಇಂದಿಗೂ ನಡೆಯುತ್ತಿದೆ. ಪೀಡಿತ ಪ್ರಾಣಿಯ ಹೆಸರನ್ನು ಪೀಡೆಗೆ ಇಡುವುದಕ್ಕಿಂತ ಅದನ್ನು ಊರಿಗೆ ಇಟ್ಟ ಈ ಸಂಪ್ರದಾಯವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಬ್ಯಾಡ್ಜರಿನ ಕ್ರಿಯಾರ್ಥಕ್ಕೆ ಕನ್ನಡದಲ್ಲಿ ಅತ್ಯಂತ ಸಮೀಪದ ಧಾತುವೆಂದರೆ ‘ಕಾಡು’. ಕಾಡಿಬೇಡಿ ಪಡೆಯುವುದು, ದುಂಬಾಲು ಬೀಳುವುದು, ಗೋಳುಹೊಯ್ದುಕೊಳ್ಳುವುದು ಎಂದು ಅದರ ಬಳಗವು ದೊಡ್ಡದು; ಅರಣ್ಯವಾಚಕವಾದ ನಾಮವೂ ಅದೇ ರೂಪದಲ್ಲಿರುವುದು ಮತ್ತೊಂದು ಕೂಟ. ಇನ್ನು ಪ್ರಾಣಿಯೋ? ಅದೇ ಕುಟುಂಬಕ್ಕೆ ಸೇರಿದ, ಜೇನುಗೂಡುಗಳನ್ನು ಸೂರೆಗೊಳ್ಳುವ, ಸಡಿಲವೂ ದೃಢವೂ ಆದ ಚರ್ಮದ ನಿಶಾಚರವೊಂದು ನಮ್ಮಲ್ಲಿಯೇ ಉಂಟು. ಅದಕ್ಕೆ ಕನ್ನಡದ ಹೆಸರು ತರಕರಡಿ. ಬೆಂಗಳೂರಿಗೆ ದೂರವಲ್ಲದ ಕಾವೇರಿ ವನ್ಯಧಾಮದಲ್ಲಿ ಅದು ಕ್ಯಾಮೆರಾ ಕಣ್ಣಿಗೆ ಬಿದ್ದ ಸಂಗತಿಯು 2014ರಲ್ಲಿ ಪ್ರಕಟವಾದಾಗ ಅನೇಕರು ಬೆರಗಾದರು. ಕಾಡಂಚಿನ ಜನರ ಬಾಯಲ್ಲಿರುವ ಇಂತಹ ಹೆಸರುಗಳನ್ನು, ಅವುಗಳನ್ನು ಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಕೇಳಿ, ಹಿಂದಿನವರು ಶಾಸನಕಾವ್ಯಗಳಿಂದ ಎತ್ತಿ ಬರೆದಂತೆಯೇ ಒಂದೊಂದು ಚೀಟಿಯಲ್ಲಿ ಬರೆದಿಡುವ ಕೆಲಸವನ್ನು ಚಾಮರಾಜಪೇಟೆಯವರು ಮತ್ತೊಮ್ಮೆ ಕೈಗೊಳ್ಳಲಿ.