ದೂರದ ಬೆಲೆ: ತುಮಕೂರು, ಗುಬ್ಬಿ, ಕುಣಿಗಲ್ ಮತ್ತು ಮನೆಯ ಫೋನು

ತುಮಕೂರಿಗೆ 0816, ಗುಬ್ಬಿಗೆ 08131, ಕುಣಿಗಲ್ಲಿಗೆ 08132. ಹಳೆಯ ಅಂಗಡಿಗಳ ಬೋರ್ಡಿನ ಮೇಲೆ, ಬೀರುವಿನಲ್ಲಿ ಉಳಿದುಹೋದ ಲಗ್ನಪತ್ರಿಕೆಗಳ ಕೆಳತುದಿಯಲ್ಲಿ ಈ ಅಂಕಿಗಳು ಇನ್ನೂ ಕಾಣಸಿಗುತ್ತವೆ. ಗುಬ್ಬಿಯಿಂದ ತುಮಕೂರಿಗೆ ಇರುವುದು ಸುಮಾರು 20 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿ ಸಂತೆ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದು. ಆದರೆ ದೂರವಾಣಿ ಇಲಾಖೆಯ ನಕಾಶೆಯಲ್ಲಿ ಇವೆರಡು ಬೇರೆ ಬೇರೆ ಊರುಗಳು. ಇಲ್ಲಿಂದ ಅಲ್ಲಿಗೆ ಮಾತಾಡಬೇಕೆಂದರೆ ಮೊದಲು ಸೊನ್ನೆ ಒತ್ತಬೇಕಿತ್ತು. ಆ ಸೊನ್ನೆ ಎಂದರೆ 'ಊರಾಚೆ' ಎಂದು ಅರ್ಥ. ಊರಾಚೆ ಹೋದ ಮಾತಿಗೆ ಬೇರೆಯೇ ಬೆಲೆ.

ಮನೆಯ ಫೋನಿನ ಚರಿತ್ರೆ ಎಂದರೆ ಬಹುಮಟ್ಟಿಗೆ ಈ ದೂರದ ಬೆಲೆಯ ಚರಿತ್ರೆ. ಇಂದು ಇಂಟರ್ನೆಟ್ ಮೂಲಕ ನಡೆಯುವ ಫೋನನ್ನು ಮನೆಗೆ ಹಾಕಿಸಿಕೊಳ್ಳಲು ಹೊರಟವರು 'ಯಾವುದು ಅಗ್ಗ?' ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕಾದರೆ, ಹಿಂದಿನವರು ಯಾವುದಕ್ಕೆ ಹಣ ಕೊಡುತ್ತಿದ್ದರು ಎಂಬುದನ್ನು ಒಮ್ಮೆ ನೋಡಬೇಕು.

ಬೆಲ್ ಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಆರು ವರ್ಷಗಳೊಳಗೆ, 1882ರ ಹೊತ್ತಿಗೆ, ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಎಕ್ಸ್‌ಚೇಂಜುಗಳು ಬಂದವು. ಆದರೆ ಅದು ಸರ್ಕಾರಿ ಕಚೇರಿಯ, ದೊಡ್ಡ ವ್ಯಾಪಾರದ ವಸ್ತುವಾಗಿಯೇ ಉಳಿಯಿತು. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಇದ್ದದ್ದು ಸುಮಾರು 80 ಸಾವಿರ ಫೋನು. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. ದೂರವಾಣಿನಗರ ಎಂಬ ಬಡಾವಣೆಯ ಹೆಸರು ಅದರದೇ ನೆನಪು. ದೇಶಕ್ಕೆಲ್ಲ ಫೋನು ತಯಾರಾಗುತ್ತಿದ್ದ ಕಾರ್ಖಾನೆ ತುಮಕೂರಿಗೆ ಇಷ್ಟು ಹತ್ತಿರವಿದ್ದರೂ, ಮನೆಗೆ ಫೋನು ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು.

ಅದಕ್ಕೇ ಹುಟ್ಟಿದ್ದು 'ಪಿ.ಪಿ. ನಂಬರ್'. ಪಕ್ಕದ ಮನೆಯ ಅಥವಾ ಬೀದಿಯ ಅಂಗಡಿಯ ನಂಬರನ್ನು ತಮ್ಮದೆಂದು ಬರೆದು, ಮುಂದೆ 'ಪಿ.ಪಿ.' ಎಂದು ಸೇರಿಸುವ ಪದ್ಧತಿ. ಫೋನು ಬಂದರೆ ಆ ಮನೆಯ ಹುಡುಗ ಓಡಿಬಂದು, 'ನಿಮಗೆ ಫೋನ್ ಬಂದೈತೆ' ಎಂದು ಕರೆಯುತ್ತಿದ್ದ. ಬೀದಿಗೆಲ್ಲ ಒಂದೇ ಫೋನಾದ್ದರಿಂದ ಸಾವಿನ ಸುದ್ದಿಯಾಗಲಿ, ಸಂಬಂಧ ಕುದುರಿದ ಸುದ್ದಿಯಾಗಲಿ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಖರ್ಚು ಹಂಚಿಹೋಗುತ್ತಿತ್ತು, ಗುಟ್ಟೂ ಹಂಚಿಹೋಗುತ್ತಿತ್ತು.

ಊರಾಚೆಗೆ ಟ್ರಂಕ್ ಕಾಲ್. ಎಕ್ಸ್‌ಚೇಂಜಿನ ಆಪರೇಟರಿಗೆ ನಂಬರು ಹೇಳಿ, ಬುಕ್ ಮಾಡಿ, ಕಾದು ಕೂರಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳಿದ್ದವು. ಅವಸರ ಹೆಚ್ಚಿದಷ್ಟೂ ದರವೂ ಏರುತ್ತಿತ್ತು. ಜನ ದೂರಕ್ಕೂ ಹಣ ಕೊಡುತ್ತಿದ್ದರು, ಕಾಯದೇ ಇರುವುದಕ್ಕೂ ಕೊಡುತ್ತಿದ್ದರು. ಆಪರೇಟರ್ ಇಲ್ಲದೆ ನೇರ ಡಯಲ್ ಮಾಡುವ ಎಸ್‌ಟಿಡಿ 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಮೊದಲು ಬಂತು. ತಾಲ್ಲೂಕುಗಳನ್ನು ಅದು ತಲುಪಲು ದಶಕಗಳೇ ಹಿಡಿದವು.

ಆ ವಿಳಂಬ ಮುರಿದ ಕಥೆಯ ಒಂದು ಮುಖ್ಯ ಘಟ್ಟ ಕರ್ನಾಟಕದಲ್ಲೇ ನಡೆಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ, ಹಳ್ಳಿಗೆಂದೇ 128 ಲೈನಿನ ಚಿಕ್ಕ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ರೂಪಿಸಿತು. 1986ರಲ್ಲಿ ಅದನ್ನು ಕಿತ್ತೂರಿನಲ್ಲಿ ಅಳವಡಿಸಿ ಪರೀಕ್ಷಿಸಲಾಯಿತು. ಆಮದು ಎಕ್ಸ್‌ಚೇಂಜುಗಳಿಗೆ ಎ.ಸಿ. ಕೋಣೆ ಬೇಕು. ಇದಕ್ಕೆ ಬೇಡ. ಧೂಳು, ಸೆಕೆ ತಡೆದುಕೊಂಡು ಸಾಧಾರಣ ಕಟ್ಟಡದಲ್ಲಿ ನಡೆಯುತ್ತಿತ್ತು. ಇಂಥ ಯಂತ್ರಗಳು ಬಂದ ಮೇಲೆಯೇ ಸಣ್ಣ ಊರಿನ ಫೋನು ದೇಶದ ಮಿಕ್ಕ ಫೋನುಗಳ ಜೊತೆ ಸಲೀಸಾಗಿ ಮಾತಾಡಲು ಕಲಿತದ್ದು.

ಅದರ ಬೆನ್ನಿಗೇ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಗಾಜಿನ ಗೂಡು, ಕೆಂಪು ಅಂಕಿ ಓಡುವ ಮೀಟರು, ಕರ್ರೆಂದು ಬಿಲ್ಲು ಮುದ್ರಿಸುವ ಪುಟ್ಟ ಯಂತ್ರ. ಎಷ್ಟೋ ಅಂಗವಿಕಲರಿಗೆ ಈ ಬೂತುಗಳೇ ಜೀವನಾಧಾರವಾದವು. ದೂರ ಹೆಚ್ಚಿದಂತೆ ಮೀಟರಿನ ಓಟವೂ ಜೋರು. ರಾತ್ರಿ ತಡವಾದರೆ ಕಾಲು ದರ. ತುಮಕೂರಿನಂಥ ಓದಿನ ಊರಿನಲ್ಲಿ ಹಾಸ್ಟೆಲ್ ಹುಡುಗರು ಆ ಹೊತ್ತಿಗೇ ಸಾಲು ನಿಲ್ಲುತ್ತಿದ್ದರು. ಕಣ್ಣು ಮೀಟರಿನ ಮೇಲೆ, ಕಿವಿ ಅಮ್ಮನ ದನಿಯ ಮೇಲೆ.

1999ರ ಹೊಸ ದೂರಸಂಪರ್ಕ ನೀತಿ, 2000ದ ಅಕ್ಟೋಬರಿನಲ್ಲಿ ಕೆಲಸ ಆರಂಭಿಸಿದ ಬಿಎಸ್‌ಎನ್‌ಎಲ್, ಮೊಬೈಲಿನ ಪೈಪೋಟಿ ಎಲ್ಲ ಸೇರಿ ದರ ಇಳಿಯುತ್ತಾ ಹೋಯಿತು. 2006ರ 'ಒನ್ ಇಂಡಿಯಾ' ಯೋಜನೆಯಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ. ಗುಬ್ಬಿಯಿಂದ ಕುಣಿಗಲ್ಲಿಗೂ ಅಷ್ಟೇ, ಗುವಾಹಟಿಗೂ ಅಷ್ಟೇ. ದೂರದ ಬೆಲೆ ಹೆಚ್ಚುಕಡಿಮೆ ಸತ್ತುಹೋಯಿತು.

ಅದನ್ನು ಪೂರ್ತಿ ಮಣ್ಣು ಮಾಡಿದ್ದು ಇಂಟರ್ನೆಟ್. ಇದರ ಕೆಲಸ ಸರಳ. ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್ಟುಗಳಲ್ಲಿ ಬರೆದರೆ 64 ಕಿಲೋಬಿಟ್. ಹಳೆಯ ಡಿಜಿಟಲ್ ಎಕ್ಸ್‌ಚೇಂಜ್ ಇದಕ್ಕೆ ಒಂದು ದಾರಿಯನ್ನೇ ಮೀಸಲಿಡುತ್ತಿತ್ತು. ಇಂಟರ್ನೆಟ್ಟು ಅದನ್ನು ಪೊಟ್ಟಣಗಳಾಗಿ ಕಟ್ಟಿ, ಪತ್ರ, ಚಿತ್ರ, ಸಿನಿಮಾಗಳ ಜೊತೆ ಒಂದೇ ದಾರಿಯಲ್ಲಿ ಕಳಿಸುತ್ತದೆ. ವಿಳಾಸದ ಚೀಟಿಗಳ ಭಾರ ಸೇರಿ ಒಂದು ದಿಕ್ಕಿಗೆ ಸುಮಾರು 90 ಕಿಲೋಬಿಟ್. ಒಂದು ಗಂಟೆ ಮಾತಾಡಿದರೆ ಎರಡೂ ದಿಕ್ಕು ಸೇರಿ 80 ಎಂಬಿ ಆಸುಪಾಸು. ದಿನಕ್ಕೆ ಒಂದು ಗಂಟೆಯಂತೆ ತಿಂಗಳಿಗೆ ಎರಡೂವರೆ ಜಿಬಿಯೂ ಆಗುವುದಿಲ್ಲ. ಫೋನಿಗಾಗಿಯೇ ಹೆಚ್ಚು ವೇಗದ ಪ್ಲಾನ್ ತೆಗೆದುಕೊಳ್ಳಿ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ನೆನಪಿರಲಿ.

ಭಾರತದಲ್ಲಿ ಇಂಟರ್ನೆಟ್ ಮಾತಿಗೆ 2002ರ ಏಪ್ರಿಲಿನಲ್ಲಿ ಅನುಮತಿ ಸಿಕ್ಕಿತು. ಆದರೆ ಕಂಪ್ಯೂಟರಿನಿಂದ ದೇಶದೊಳಗಿನ ಸಾಮಾನ್ಯ ಫೋನಿಗೆ ಕರೆ ಮಾಡುವಂತಿರಲಿಲ್ಲ. ಆ ಗೋಡೆ ಬಿದ್ದದ್ದು 2018ರಲ್ಲಿ. ಆ ವರ್ಷ ಬಿಎಸ್‌ಎನ್‌ಎಲ್ 'ವಿಂಗ್ಸ್' ಎಂಬ ಸೇವೆಯನ್ನು ವರ್ಷಕ್ಕೆ 1,099 ರೂಪಾಯಿಗೆ ಪ್ರಕಟಿಸಿತು. ಸಿಮ್ ಬೇಡ, ಆ್ಯಪ್ ಸಾಕು. ಅಷ್ಟರಲ್ಲಿ 2016ರಲ್ಲಿ ಬಂದ ಜಿಯೋ ಮಾತನ್ನೇ ಡೇಟಾ ಮಾಡಿತ್ತು. ಒಂದು ಕಂಪನಿಯ ಕರೆ ಇನ್ನೊಂದಕ್ಕೆ ಹೋದಾಗ ಕೊಡಬೇಕಿದ್ದ ನಿಮಿಷಕ್ಕೆ 6 ಪೈಸೆಯ ಶುಲ್ಕವೂ 2021ರ ಜನವರಿಗೆ ಮುಗಿಯಿತು. ಈಗ ಫೈಬರ್ ಹಾಕಿಸಿದರೆ ಅದರೊಡನೆಯೇ ಲ್ಯಾಂಡ್‌ಲೈನ್ ನಂಬರೂ ಬರುತ್ತದೆ. ಹಳೆಯ ಫೋನನ್ನೇ ಮೋಡೆಮ್ಮಿನ ಹಿಂದೆ ಚುಚ್ಚಿಕೊಂಡರಾಯಿತು.

ಹಾಗಾದರೆ ಈಗ ನಾವು ಹಣ ಕೊಡುತ್ತಿರುವುದು ಯಾವುದಕ್ಕೆ? ಇಲ್ಲಿಯೇ ಚರಿತ್ರೆ ಕೈಹಿಡಿಯುವುದು. ಮಾತಿಗೆ ಬೆಲೆಯಿಲ್ಲ, ಗೆರೆಗೆ ಬೆಲೆ. ತಿಂಗಳ ದರಕ್ಕೆ ಶೇಕಡಾ 18 ಜಿಎಸ್‌ಟಿ, ಮೋಡೆಮ್ಮಿನ ಬಾಡಿಗೆ ಅಥವಾ ಠೇವಣಿ, ಜೋಡಣೆಯ ಖರ್ಚು ಎಲ್ಲವನ್ನೂ ಕೂಡಿಸಿ ವರ್ಷದ ಮೊತ್ತ ಹೋಲಿಸಬೇಕು. ಆರು ತಿಂಗಳ ರಿಯಾಯಿತಿ ಮುಗಿದ ಮೇಲಿನ ದರವೇ ನಿಜವಾದ ದರ. ವಿದೇಶದಲ್ಲಿರುವ ಮಕ್ಕಳಿಗೆ ಮಾಡುವ ಕರೆ 'ಅನ್‌ಲಿಮಿಟೆಡ್'ನಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಅದಕ್ಕೆ ವಾಟ್ಸ್‌ಆ್ಯಪೇ ಅಗ್ಗ. ಇನ್ನೊಂದು: ಮೊಬೈಲ್ ನಂಬರನ್ನು 2011ರಿಂದ ದೇಶದಾದ್ಯಂತ ಕಂಪನಿಯಿಂದ ಕಂಪನಿಗೆ ಒಯ್ಯಬಹುದು. ಲ್ಯಾಂಡ್‌ಲೈನ್ ನಂಬರಿಗೆ ಆ ಸೌಕರ್ಯವಿಲ್ಲ. ಮೂವತ್ತು ವರ್ಷದ 08131 ನಂಬರು ಉಳಿಯಬೇಕಾದರೆ ಅದೇ ಸಂಸ್ಥೆಯ ಫೈಬರಿಗೆ ಬದಲಾಗಲು ಸಾಧ್ಯವೇ ಎಂದು ಮೊದಲು ವಿಚಾರಿಸಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕರೆಂಟಿನದು. ತಾಮ್ರದ ತಂತಿಯಲ್ಲಿ ಮಾತಿನ ಜೊತೆ 48 ವೋಲ್ಟ್ ವಿದ್ಯುತ್ತೂ ಬರುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಗಳು ಅದನ್ನು ಕೊಡುತ್ತಿದ್ದವು. ಊರಿಗೆ ಊರೇ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಫೈಬರು ಗಾಜು. ಅದರಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಮನೆಯಲ್ಲಿ ಕರೆಂಟು ಹೋದರೆ ಮೋಡೆಮ್ಮು ಹೋಯಿತು, ಅದರೊಡನೆ ಫೋನೂ ಹೋಯಿತು. ಮಕ್ಕಳು ಬೆಂಗಳೂರಿನಲ್ಲಿ, ಊರಿನ ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಇಂಥ ಮನೆಗಳು ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಕಡಿಮೆಯೇನಿಲ್ಲ. ಗಾಳಿಮಳೆಯ ರಾತ್ರಿ ಎದೆನೋವು ಬಂದಾಗ ಬೇಕಾಗುವುದು 200 ಎಂಬಿಪಿಎಸ್ ವೇಗವಲ್ಲ. ಎತ್ತಿದರೆ ಡಯಲ್ ಟೋನ್ ಬರಬೇಕು, ಅಷ್ಟೇ.

ಆದ್ದರಿಂದ ಆಯ್ಕೆಯ ಲೆಕ್ಕಕ್ಕೆ ಎರಡು ಬಾಬು ಸೇರಬೇಕು. ಮೋಡೆಮ್ಮನ್ನು ಕೆಲವು ಗಂಟೆ ನಡೆಸುವ ಪುಟ್ಟ ಯುಪಿಎಸ್ ಒಂದು. ತಂತಿ ಕಡಿದರೆ ಎಷ್ಟು ದಿನಕ್ಕೆ ಬಂದು ಸರಿಮಾಡುತ್ತಾರೆ ಎಂಬ ವಿಚಾರಣೆ ಇನ್ನೊಂದು. ಎರಡನೆಯದನ್ನು ಜಾಹೀರಾತು ಹೇಳುವುದಿಲ್ಲ. ಆಗಲೇ ಹಾಕಿಸಿಕೊಂಡಿರುವ ಪಕ್ಕದ ಮನೆಯವರನ್ನೇ ಕೇಳಬೇಕು. ಆ್ಯಪ್ ಮೂಲಕ ನಡೆಯುವ ಸೇವೆಯಾದರೆ 112ಕ್ಕೆ ಕರೆ ಹೋಗುತ್ತದೆಯೇ ಎಂಬುದನ್ನೂ ಹಣ ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.