ಪಥಿಕರ ಪಂಕ್ತಿ

ಪರದೇಶವನ್ನು ಸುತ್ತಿ ಬಂದವರು ಅಲ್ಲಿಯ ಅರಮನೆಗಳನ್ನೂ ಚಿತ್ರಶಾಲೆಗಳನ್ನೂ ಒಂದಿಷ್ಟು ಹೊತ್ತು ವರ್ಣಿಸಿ, ಕೇಳುವವರ ಮುಖದಲ್ಲಿ ಆಕಳಿಕೆಯ ಸೂಚನೆ ಕಂಡೊಡನೆ, ಯಾವುದೋ ಊರಿನ ಯಾವುದೋ ಭೋಜನಗೃಹದಲ್ಲಿ ಸಂಗಡಿಗರೊಂದಿಗೆ ಉಂಡ ಊಟದ ಕಥೆಗೆ ಹೊರಳುವುದುಂಟು. ಆಗ ಹೇಳುವವರ ನಾಲಗೆಯೂ ಚುರುಕಾಗುತ್ತದೆ, ಕೇಳುವವರ ಕಿವಿಯೂ ನಿಮಿರುತ್ತದೆ. ಈ ಆಸಕ್ತಿ ಹಸಿವಿನಷ್ಟೇ ಪುರಾತನವೆಂದು ತೋರಿದರೂ, ಒಂದು ಊಟದ ಸಲುವಾಗಿಯೇ ನಾಲ್ಕಾರು ಮಂದಿ ಜೊತೆಗೂಡಿ ದಾರಿ ಹಿಡಿಯುವ, ಬೇಕಾದರೆ ದಾರಿಯನ್ನೇ ಊಟದ ಕಡೆಗೆ ತಿರುಗಿಸಿಕೊಳ್ಳುವ ಪದ್ಧತಿ ಲೋಕದಲ್ಲಿ ನೆಲೆಗೊಂಡದ್ದು ಬಹಳ ಈಚೆಗೆ. ಅದರ ಚರಿತ್ರೆಯನ್ನು ಫ್ರಾನ್ಸ್ ದೇಶದಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಲ್ಲಿಯೂ ಪ್ಯಾರಿಸ್ ನಗರದ ಕನ್ನಡಿಗೋಡೆಗಳ ನಡುವೆ ಕಾಣುವುದಕ್ಕಿಂತ, ಲಿಯೋನ್ ಪಟ್ಟಣದ ಇಕ್ಕಟ್ಟಾದ ಬೀದಿಗಳಲ್ಲಿ ಹೆಚ್ಚು ಚೆನ್ನಾಗಿ ಕಾಣಬಹುದೆಂದು ನನ್ನ ಎಣಿಕೆ.

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಪರಸ್ಥಳದಿಂದ ಬಂದವನು ಉಣ್ಣಬೇಕಾಗಿದ್ದುದು ತಂಗುಮನೆಗಳಲ್ಲಿ. ಅಲ್ಲಿ ತಾಬ್ಲ್ ದೋತ್, ಎಂದರೆ ಯಜಮಾನನ ಮೇಜು, ಎಂಬುದೊಂದಿದ್ದಿತು. ಗೊತ್ತಾದ ಹೊತ್ತಿಗೆ, ಗೊತ್ತಾದ ಬೆಲೆಗೆ, ಆ ದಿನ ಒಲೆಯ ಮೇಲೆ ಏನು ಬೆಂದಿದ್ದಿತೋ ಅದನ್ನು, ಗುರುತುಪರಿಚಯವಿಲ್ಲದ ಹತ್ತಾರು ಮಂದಿಯ ಜೊತೆಯಲ್ಲಿ ಕುಳಿತು ಉಣ್ಣುವುದು ಅದರ ಕ್ರಮ. ನಮ್ಮ ಪಂಕ್ತಿಭೋಜನಕ್ಕೂ ಇದಕ್ಕೂ ಮೇಲುನೋಟಕ್ಕೆ ಸಾದೃಶ್ಯವುಂಟು; ಆದರೆ ನಮ್ಮ ಪಂಕ್ತಿಯಲ್ಲಿ ಬಡಿಸುವವನು ಎಲೆಯಿಂದ ಎಲೆಗೆ ಬರುವುದರಿಂದ ಸಂಕೋಚದ ಮನುಷ್ಯನೂ ಹಸಿದು ಏಳುವುದಿಲ್ಲ. ಅಲ್ಲಿಯಾದರೋ ಪಾತ್ರೆಗಳನ್ನೆಲ್ಲ ಮೇಜಿನ ನಡುವೆ ಇಟ್ಟುಬಿಡುತ್ತಿದ್ದುದರಿಂದ, ನಿತ್ಯವೂ ಅಲ್ಲಿಯೇ ಉಂಡು ಪಳಗಿದ ಊರಿನವರು ನಡುಭಾಗದ ಆಸನಗಳನ್ನು ಹಿಡಿದು ಒಳ್ಳೆಯ ತುಂಡುಗಳನ್ನೆಲ್ಲ ತಮ್ಮ ತಟ್ಟೆಗೆ ಎಳೆದುಕೊಂಡ ಮೇಲೆ, ಕೊನೆಯಲ್ಲಿ ಕುಳಿತ ಪರಸ್ಥಳದವನಿಗೆ ಎಲುಬೂ ಸಾರೂ ಉಳಿಯುತ್ತಿದ್ದುವು. ಮಹಾಕ್ರಾಂತಿಯ ಹಿಂದುಮುಂದಿನ ವರ್ಷಗಳಲ್ಲಿ ಆ ದೇಶವನ್ನು ಸಂಚರಿಸಿದ ಇಂಗ್ಲಿಷ್ ಕೃಷಿಪಂಡಿತ ಆರ್ಥರ್ ಯಂಗ್ ಇಂಥ ಮೇಜುಗಳಲ್ಲಿ ಅನೇಕ ಸಲ ಉಂಡನು. ಮಾತುಗಾರರೆಂದು ಹೆಸರಾದ ಫ್ರೆಂಚರು ಊಟಕ್ಕೆ ಕುಳಿತಾಗ ತುಟಿ ಬಿಚ್ಚುವುದಿಲ್ಲವೆಂಬುದು ಅವನ ಆಕ್ಷೇಪಣೆಗಳಲ್ಲಿ ಒಂದು. ಪಾತ್ರೆ ಖಾಲಿಯಾಗುವುದರೊಳಗೆ ಹೊಟ್ಟೆ ತುಂಬಬೇಕಾದಾಗ ಮಾತಿಗೆ ಪುರುಸೊತ್ತು ಎಲ್ಲಿಂದ ಬರಬೇಕು!

ಈ ಸಾಮೂಹಿಕ ಕ್ಲೇಶದಿಂದ ಬಿಡಿಸಿಕೊಳ್ಳುವ ಉಪಾಯವಾಗಿ, 1760ರ ದಶಕದ ಪ್ಯಾರಿಸಿನಲ್ಲಿ ರೆಸ್ಟೋರೆಂಟ್ ಎಂಬ ಹೊಸ ಸಂಸ್ಥೆ ತಲೆಯೆತ್ತಿತು. ಮೊದಮೊದಲು ಅದು ಬಲಹೀನರಿಗೆ ಪುಷ್ಟಿ ಕೊಡುವ ಮಾಂಸದ ತಿಳಿಸಾರನ್ನು ಮಾರುವ ಸ್ಥಳವಾಗಿದ್ದಿತಷ್ಟೆ. ಆದರೆ ರೋಗಿಯನ್ನು ಉಪಚರಿಸುವಂತೆ ಗಿರಾಕಿಯನ್ನು ಉಪಚರಿಸುವುದು ಅಲ್ಲಿ ವಾಡಿಕೆಯಾಗಿ, ಬಂದವನಿಗೆ ಬಂದ ಹೊತ್ತಿಗೆ, ಪ್ರತ್ಯೇಕವಾದ ಸಣ್ಣ ಮೇಜಿನಲ್ಲಿ, ಬೆಲೆಸಹಿತವಾಗಿ ಬರೆದ ಪಟ್ಟಿಯಿಂದ ಅವನು ಆರಿಸಿದುದನ್ನೇ ಬಡಿಸುವ ಪರಿಪಾಟಿ ಬೆಳೆಯಿತು. ಅರಸುಮನೆತನದ ಸೇವೆಯಲ್ಲಿದ್ದ ಆಂತ್ವಾನ್ ಬೋವಿಲಿಯೇ ಎಂಬಾತ 1780ರ ದಶಕದಲ್ಲಿ ಈ ಪರಿಪಾಟಿಗೆ ಬೆಳ್ಳಿಯ ಪಾತ್ರೆಗಳನ್ನೂ ಮಹಾಗನಿ ಮೇಜುಗಳನ್ನೂ ಶಿಸ್ತಾದ ಪರಿಚಾರಕರನ್ನೂ ಸೇರಿಸಿದನು. ಕ್ರಾಂತಿಯ ಕಾಲದಲ್ಲಿ ಧಣಿಗಳು ದೇಶ ಬಿಟ್ಟು ಓಡಿದುದರಿಂದ ಕೆಲಸ ಕಳೆದುಕೊಂಡ ಅಡಿಗೆಯವರೂ, ಪ್ರಾಂತಗಳಿಂದ ರಾಜಧಾನಿಗೆ ಬಂದು ಹೊರಗಡೆ ಉಣ್ಣಬೇಕಾದ ಜನಪ್ರತಿನಿಧಿಗಳೂ ಒಬ್ಬರಿಗೊಬ್ಬರು ಒದಗಿಬಂದರು. 1791ರಲ್ಲಿ ವೃತ್ತಿಸಂಘಗಳ ಹಳೆಯ ನಿರ್ಬಂಧಗಳು ರದ್ದಾದುವು. ನೆಪೋಲಿಯನ್ನನ ಪತನಾನಂತರ ಪರದೇಶದವರು ತಂಡೋಪತಂಡವಾಗಿ ಪ್ಯಾರಿಸಿಗೆ ಬಂದು, ಪಾಲೇ ರ್ವಾಯಾಲ್ ಎಂಬ ಕೈಸಾಲೆಗಳ ಚೌಕದಲ್ಲಿ ಬೆಲೆಪಟ್ಟಿಯ ಉದ್ದವನ್ನು ಕಂಡು ಬೆರಗಾದರು. ಆ ಚೌಕದಲ್ಲಿಯೇ, ನಿಜವಾಗಿ ಸೋದರರಲ್ಲದ ಮೂವರು ದಕ್ಷಿಣದೇಶದವರು ‘ಪ್ರೊವಾನ್ಸಿನ ಮೂವರು ಸೋದರರು’ ಎಂಬ ಹೆಸರಿನಲ್ಲಿ ಭೋಜನಗೃಹ ತೆರೆದು, ಸಮುದ್ರತೀರದ ಮೀನಿನ ಸಾರನ್ನೂ, ಉಪ್ಪುಮೀನನ್ನು ಎಣ್ಣೆಯೊಡನೆ ಅರೆದು ಮಾಡುವ ಬ್ರಾಂದಾದ್ ಎಂಬುದನ್ನೂ ರಾಜಧಾನಿಯ ನಾಲಗೆಗೆ ಪರಿಚಯಿಸಿದರು. ಪ್ರಾಂತದ ರುಚಿ ರಾಜಧಾನಿಗೆ ಬಂದು ಮರ್ಯಾದೆ ಪಡೆಯುತ್ತಿದ್ದ ಕಾಲವದು. ರಾಜಧಾನಿಯವರೇ ರುಚಿಯನ್ನು ಅರಸಿ ಪ್ರಾಂತಕ್ಕೆ ಹೋಗುವ ಕಾಲ ಇನ್ನೂ ಒಂದು ಶತಮಾನದಷ್ಟು ದೂರವಿದ್ದಿತು.

ನಡುವೆ ಬಂದ ರೈಲಿನ ಯುಗವನ್ನು ಇಲ್ಲಿ ಬೇಗನೆ ದಾಟಿಬಿಡಬಹುದು. 1883ರಲ್ಲಿ ಹೊರಟ ಓರಿಯಂಟ್ ಎಕ್ಸ್‌ಪ್ರೆಸ್ಸಿನಂಥ ಗಾಡಿಗಳು ಊಟದ ಮೇಜನ್ನೇ ಚಕ್ರದ ಮೇಲೆ ಏರಿಸಿದುವೆಂಬುದೇನೋ ನಿಜ. ಆದರೆ ಕಂಬಿಯ ದಾರಿ ಊರೂರನ್ನೂ ಕಿಟಕಿಯ ಚಿತ್ರವಾಗಿ ಮಾಡಿಬಿಟ್ಟುದರಿಂದ, ಹಳೆಯ ಹೆದ್ದಾರಿಗಳ ತಂಗುಮನೆಗಳ ಒಲೆ ತಣ್ಣಗಾಯಿತು.

ಅದನ್ನು ಮತ್ತೆ ಹೊತ್ತಿಸಿದುದು ಮೋಟಾರು ಕಾರು. ಕ್ಲೆರ್ಮೊಂ ಫೆರಾಂ ಊರಿನಲ್ಲಿ ರಬ್ಬರ್ ಟೈರುಗಳನ್ನು ಮಾಡುತ್ತಿದ್ದ ಆಂದ್ರೆ ಮತ್ತು ಎದುವಾರ್ ಮಿಶೆಲಿನ್ ಸೋದರರು, ದೇಶದಲ್ಲೆಲ್ಲ ಕಾರುಗಳ ಸಂಖ್ಯೆ ಮೂರು ಸಾವಿರವನ್ನೂ ಮುಟ್ಟದಿದ್ದ 1900ರಲ್ಲಿ, ಸುಮಾರು 35,000 ಪ್ರತಿಗಳಷ್ಟು ಒಂದು ಸಣ್ಣ ಕೈಪಿಡಿಯನ್ನು ಅಚ್ಚುಹಾಕಿಸಿ ಪುಕ್ಕಟೆಯಾಗಿ ಹಂಚಿದರು. ಟೈರನ್ನು ಬಿಚ್ಚುವುದು ಹೇಗೆ, ಪೆಟ್ರೋಲು ಯಾರ ಅಂಗಡಿಯಲ್ಲಿ ಸಿಕ್ಕುತ್ತದೆ, ರಿಪೇರಿಯವನ ಮನೆ ಎಲ್ಲಿ, ರಾತ್ರಿ ತಂಗುವುದೆಲ್ಲಿ ಎಂಬ ವಿವರಗಳೇ ಅದರಲ್ಲಿ ತುಂಬಿದ್ದುವು. ಜನ ಹೆಚ್ಚು ಸಂಚರಿಸಿದಷ್ಟೂ ಟೈರು ಹೆಚ್ಚು ಸವೆಯುತ್ತದೆಂಬ ಸರಳ ವಣಿಗ್ಬುದ್ಧಿ ಅದರ ಮೂಲ. 1920ರಿಂದ ಅದಕ್ಕೆ ಏಳು ಫ್ರಾಂಕುಗಳ ಬೆಲೆ ಕಟ್ಟಲಾಯಿತು. ಗ್ಯಾರೇಜೊಂದರಲ್ಲಿ ಮೇಜಿನ ಕುಂಟುಗಾಲಿಗೆ ತಮ್ಮ ಪುಸ್ತಕವನ್ನೇ ಆಸರೆ ಕೊಟ್ಟಿದ್ದುದನ್ನು ಆಂದ್ರೆ ಕಂಡನೆಂದೂ, ಪುಕ್ಕಟೆಯ ಪದಾರ್ಥಕ್ಕೆ ಗೌರವವಿಲ್ಲವೆಂಬುದು ಅವನಿಗೆ ಅಲ್ಲಿ ಮನದಟ್ಟಾಯಿತೆಂದೂ ಕಥೆಯುಂಟು. 1926ರಲ್ಲಿ ಉತ್ತಮವಾದ ಊಟದ ಮನೆಗಳಿಗೆ ನಕ್ಷತ್ರದ ಗುರುತು ಬಂದಿತು. 1931ರಲ್ಲಿ ಎರಡು ಮತ್ತು ಮೂರು ನಕ್ಷತ್ರಗಳ ಶ್ರೇಣಿ ಸೇರಿತು. ಈ ನಕ್ಷತ್ರಗಳಿಗೆ 1936ರಲ್ಲಿ ಪ್ರಕಟವಾದ ಅರ್ಥವಿವರಣೆ ಗಮನಾರ್ಹವಾಗಿದೆ. ಎರಡು ನಕ್ಷತ್ರವಿದ್ದರೆ ದಾರಿಯಿಂದ ತಿರುಗಿ ಹೋಗಬಹುದು. ಮೂರಿದ್ದರೆ ಅದಕ್ಕೆಂದೇ ಪ್ರಯಾಣ ಮಾಡಬಹುದು. ಪಾಕದ ಗುಣವನ್ನು ಉಪ್ಪುಹುಳಿಗಳ ಪ್ರಮಾಣದಿಂದ ಅಳೆಯದೆ ದಾರಿಯ ದೂರದಿಂದ ಅಳೆಯುವ ಈ ವಿಮರ್ಶೆ ಟೈರಿನ ವ್ಯಾಪಾರಿಗಲ್ಲದೆ ಮತ್ತಾರಿಗೆ ಹೊಳೆದೀತು?

ವ್ಯಾಪಾರಿಗಳು ದಾರಿ ತೋರಿಸಿದರಾದರೂ, ಆ ದಾರಿಯಲ್ಲಿ ಮುಂಚಿತವಾಗಿ ನಡೆದವರು ಗೆಳೆಯರ ಕೂಟಗಳು. 1912ರಲ್ಲಿ ಲೂಯಿ ಫೊರೆಸ್ಟ್ ಎಂಬ ಪತ್ರಿಕಾಕರ್ತನು ಸ್ಥಾಪಿಸಿದ ಕ್ಲಬ್ ದೆ ಸಾಂ, ಎಂದರೆ ನೂರ್ವರ ಕೂಟ, ತನ್ನ ಸದಸ್ಯನಾಗಬಯಸುವವನು ಒಳ್ಳೆಯ ಊಟವನ್ನು ಅರಸಿ 40,000 ಕಿಲೋಮೀಟರುಗಳಷ್ಟು ಕಾರಿನಲ್ಲಿ ಅಲೆದಿರಬೇಕೆಂದು ವಿಧಿಸಿದ್ದಿತು. ಯುದ್ಧಾನಂತರ ಕ್ಯುರ್ನೋನ್ಸ್ಕಿ ಎಂಬ ಕಾವ್ಯನಾಮದ ಮೊರಿಸ್ ಎದ್ಮೋಂ ಸೈಯಾಂ, ಮಾರ್ಸೆಲ್ ರೂಫ್ ಎಂಬ ಮಿತ್ರನೊಡಗೂಡಿ ಪ್ರಾಂತಪ್ರಾಂತಗಳನ್ನು ಉಂಡುಕೊಂಡೇ ಸುತ್ತಿ, 1921ರಿಂದ 1928ರವರೆಗೆ 28 ಸಂಪುಟಗಳಲ್ಲಿ ಫ್ರಾನ್ಸಿನ ಭೋಜನಭೂಗೋಳವನ್ನು ಬರೆದನು. 1927ರಲ್ಲಿ ಮತದಾನದ ಮೂಲಕ ಭೋಜನರಸಿಕರ ರಾಜಕುಮಾರನೆಂಬ ಬಿರುದು ಅವನಿಗೆ ಲಭಿಸಿತು. ಪ್ರಜಾಪ್ರಭುತ್ವವು ರಾಜಕುಮಾರನನ್ನು ಚುನಾಯಿಸಿದ ಈ ವೈಚಿತ್ರ್ಯಕ್ಕೆ ಫ್ರಾನ್ಸಿನಲ್ಲಿ ಯಾರೂ ಹುಬ್ಬೇರಿಸಿದಂತೆ ಕಾಣೆ.

ಲಿಯೋನ್ ಪಟ್ಟಣವನ್ನು ಲೋಕದ ಭೋಜನರಾಜಧಾನಿಯೆಂದು ಸಾರಿದವನೂ ಈತನೇ. ರೋನ್ ಮತ್ತು ಸೋನ್ ನದಿಗಳು ಕೂಡುವ ಈ ಊರಿಗೆ ಉತ್ತರದ ಬ್ರೆಸ್ ಸೀಮೆಯಿಂದ ಕೋಳಿ, ದೋಂಬ್ ಕೆರೆಗಳಿಂದ ಮೀನು, ಬೊಜೊಲೇ ಬೆಟ್ಟಗಳಿಂದ ದ್ರಾಕ್ಷಾಸವ ಇವೆಲ್ಲ ಸಮೀಪದಿಂದಲೇ ಬರುತ್ತಿದ್ದುವು. ರೇಷ್ಮೆಯ ವ್ಯಾಪಾರದಿಂದ ಧನಿಕರಾದ ಮನೆತನಗಳು ಹಳ್ಳಿಯಿಂದ ಬಂದ ಹೆಂಗಸರನ್ನು ಅಡಿಗೆಗೆ ಇಟ್ಟುಕೊಳ್ಳುತ್ತಿದ್ದುವು. ಈ ಹೆಂಗಸರಲ್ಲಿ ಕೆಲವರು ಕಾಲಕ್ರಮದಲ್ಲಿ, ಧಣಿಗಳ ಸಿರಿ ಇಳಿದುದರಿಂದಲೋ ತಮ್ಮ ಸ್ವಂತ ಧೈರ್ಯದಿಂದಲೋ, ಹೊರಬಂದು ಸಣ್ಣ ಊಟದ ಮನೆಗಳನ್ನು ಇಟ್ಟರು. ಊರಿನವರು ಅವರನ್ನು ‘ಮೇರ್’, ತಾಯಿ, ಎಂದು ಕರೆದರು.

ತಾಯಿ ಫಿಯೂ ಎಂದು ಹೆಸರಾದ ಫ್ರಾನ್ಸ್ವಾಸ್ ಫಾಯೋಲಳು ಇವರಲ್ಲಿ ಅಗ್ರಗಣ್ಯಳು. ಅವಳಲ್ಲಿಗೆ ಹೋದವನು ಏನನ್ನೂ ಆರಿಸಬೇಕಾಗಿದ್ದಿಲ್ಲ; ಇಂದಿನ ಊಟವೇ ನಾಳೆಯ ಊಟ. ಮೊದಲು ಟ್ರಫಲ್ ಎಂಬ ನೆಲದೊಳಗಿನ ಕಪ್ಪು ಅಣಬೆ ಹಾಕಿದ ಸಾರು, ಬಳಿಕ ಮೀನನ್ನು ನುಣ್ಣಗೆ ಅರೆದು ಮಾಡಿದ ಕ್ನೆಲ್, ಬಳಿಕ ಪಲ್ಲೆಹೂವಿನ ತಿರುಳು, ಆಮೇಲೆ ಕೋಳಿ. ಈ ಕೋಳಿಯ ಬಿಳಿಯ ಚರ್ಮದ ಕೆಳಕ್ಕೆ ಬೆರಳನ್ನು ಮೆಲ್ಲಗೆ ತೂರಿಸಿ, ಚರ್ಮ ಹರಿಯದಂತೆ ಬಿಡಿಸಿ, ಆ ಸಂದಿನಲ್ಲಿ ಟ್ರಫಲಿನ ತೆಳುವಾದ ಬಿಲ್ಲೆಗಳನ್ನು ಹೊಂದಿಸಿಟ್ಟು, ಬಟ್ಟೆಯಲ್ಲಿ ಸುತ್ತಿ, ತರಕಾರಿ ಹಾಕಿದ ಸಾರಿನಲ್ಲಿ ಕುದಿ ಮೀರದಂತೆ ಬೇಯಿಸುತ್ತಿದ್ದರು. ಬಿಳುಪಿನೊಳಗಿಂದ ಕಪ್ಪು ಇಣುಕುವುದರಿಂದ ಅದಕ್ಕೆ ‘ಅರೆಶೋಕದ ಕೋಳಿ’ ಎಂದು ಹೆಸರು. ಬೆಂದ ಕೋಳಿಯನ್ನು ಅವಳೇ ಮೇಜಿನ ಬಳಿಗೆ ತಂದು, ಒಂದು ಸಣ್ಣ ಚೂರಿಯಿಂದ ಉಣ್ಣುವವರ ಕಣ್ಣೆದುರಿನಲ್ಲಿ ಕೀಲುಕೀಲಾಗಿ ಬಿಡಿಸುತ್ತಿದ್ದಳು. ಬೋವಿಲಿಯೇ ಕೊಡಿಸಿದ ಆಯ್ಕೆಯ ಸ್ವಾತಂತ್ರ್ಯವನ್ನು ಜನ ಇಲ್ಲಿ ತಾವಾಗಿಯೇ ಬಿಟ್ಟುಕೊಟ್ಟು, ಯಜಮಾನನ ಮೇಜಿಗೆ ಪ್ರತಿಯಾಗಿ ಯಜಮಾನಿಯ ಮೇಜಿಗೆ ಹಿಂದಿರುಗಿದರೆಂಬುದನ್ನು ನೋಡಬೇಕು.

ಅವಳ ಅಡಿಗೆಮನೆಯಲ್ಲಿ ಪಳಗಿದವಳು ಯೂಜೆನಿ ಬ್ರಾಜಿಯೇ. 1895ರಲ್ಲಿ ಬ್ರೆಸ್ ಸೀಮೆಯ ಬಡ ಒಕ್ಕಲುಮನೆಯಲ್ಲಿ ಹುಟ್ಟಿ, ಹತ್ತರ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡು, ಹೊಲಮನೆಗಳಲ್ಲಿ ಕೂಲಿಯಾಗಿ ದುಡಿದು, ಮದುವೆಯಿಲ್ಲದೆ ಮಗುವಿನ ತಾಯಿಯಾಗಿ ಪಟ್ಟಣ ಸೇರಿದ ಈಕೆ, 1921ರಲ್ಲಿ ರ್ಯೂ ರ್ವಾಯಾಲ್ ಬೀದಿಯ ಹಳೆಯ ದಿನಸಿ ಅಂಗಡಿಯೊಂದನ್ನು ಹಿಡಿದು ಹದಿನೈದು ಮಂದಿ ಕೂರುವಷ್ಟು ಜಾಗದಲ್ಲಿ ಊಟಕ್ಕಿಟ್ಟಳು. ಕೆಲವು ವರ್ಷಗಳ ಮೇಲೆ ದೇಹ ಬಳಲಿ, ಊರ ಹೊರಗಿನ ಲ್ಯುಯೆರ್ ಕಣಿವೆಯ ನೆತ್ತಿಯಲ್ಲಿ, ವಿದ್ಯುತ್ತಿಲ್ಲದ ಒಂದು ಮರದ ಮನೆಗೆ ವಿಶ್ರಾಂತಿಗೆಂದು ಹೋದಳು. ಗಿರಾಕಿಗಳು ಬಿಡಬೇಕಲ್ಲ, ಕಾರು ಹತ್ತಿ ಹುಡುಕಿಕೊಂಡು ಅಲ್ಲಿಗೂ ಬಂದರು. 1933ರಲ್ಲಿ ಬೀದಿಯ ಮನೆಗೂ ಬೆಟ್ಟದ ಮನೆಗೂ ಮೂರು ಮೂರು ನಕ್ಷತ್ರಗಳು ದೊರೆತುವು. ತನಗಿಂತ ಹೆಚ್ಚಾಗಿ ಈಕೆಯೇ ಊರಿನ ಹೆಸರನ್ನು ಬೆಳಗಿಸಿದಳೆಂದು ನಗರಾಧ್ಯಕ್ಷ ಎದುವಾರ್ ಎರಿಯೋ ಹೇಳುತ್ತಿದ್ದನೆಂದು ಪ್ರತೀತಿ. 1946ರಲ್ಲಿ ಬೆಟ್ಟದ ಮನೆಗೆ ಕೆಲಸ ಕಲಿಯಲು ಬಂದ ಪೋಲ್ ಬೊಕ್ಯೂಸ್ ಎಂಬ ಹುಡುಗನು ಒಲೆಯ ಕೆಲಸದ ಜೊತೆಗೆ ಹಸುಗಳ ಹಾಲು ಕರೆಯಬೇಕಾಗಿತ್ತು, ಬಟ್ಟೆ ಒಗೆಯಬೇಕಾಗಿತ್ತು, ತೋಟಕ್ಕೆ ನೀರು ಹಾಯಿಸಬೇಕಾಗಿತ್ತು. ಮುಂದೆ ಅವನು ಜಗತ್ಪ್ರಸಿದ್ಧನಾದಾಗಲೂ ಆ ದಿನಗಳನ್ನು ಕೃತಜ್ಞತೆಯಿಂದ ನೆನೆಯುತ್ತಿದ್ದನು.

ನಮ್ಮ ಸೀಮೆಯಿಂದ ಹೋಗುವ ಪ್ರವಾಸಿಗಳ ಗುಂಪಿನಲ್ಲಿ ಮಾಂಸ ಮುಟ್ಟದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರಿಗೆ ಈ ಊರಿನ ‘ಬುಶೋಂ’ ಎಂಬ ಹಳೆಯ ಊಟದಂಗಡಿಗಳು ಸುಲಭವಾದ ಸ್ಥಳಗಳಲ್ಲ. ಪಶುವಿನ ಕರುಳನ್ನೂ ಜಠರವನ್ನೂ ಬಿಡದೆ ಪಾಕಕ್ಕಿಳಿಸಿದ ಬಡ ನೇಕಾರರ ಊರದು. ಆದರೂ ಆ ನೇಕಾರರದೇ ಒಂದು ತಿನಿಸು ಇಂಥವರಿಗೆ ಒದಗುತ್ತದೆ: ನೀರು ಬಸಿದ ಗಟ್ಟಿ ಮೊಸರಿನಂಥ ಹಸಿ ಚೀಸಿಗೆ ಸಣ್ಣಗೆ ಹೆಚ್ಚಿದ ಎಳೆಯ ಈರುಳ್ಳಿಯ ಸೊಪ್ಪು, ಬೆಳ್ಳುಳ್ಳಿ, ಒಂದಿಷ್ಟು ಎಣ್ಣೆ, ಹುಳಿ, ಮೆಣಸಿನ ಪುಡಿ ಕಲಸಿ, ತಣ್ಣಗೆ ಬಟ್ಟಲಲ್ಲಿಟ್ಟು ಕೊಡುತ್ತಾರೆ. ‘ನೇಕಾರನ ಮಿದುಳು’ ಎಂಬ ಭಯಂಕರವಾದ ಹೆಸರನ್ನು ಮೊದಲೇ ಹೇಳದಿದ್ದರೆ, ರೊಟ್ಟಿಯ ಚೂರಿಗೆ ಹಚ್ಚಿಕೊಂಡು ಎರಡನೆಯ ಬಟ್ಟಲನ್ನೂ ಕೇಳುವರು.

ಲಿಯೋನಿನಿಂದ ದಕ್ಷಿಣಕ್ಕೆ 30 ಕಿಲೋಮೀಟರು ದೂರದ ವಿಯೆನ್ ಊರಿನಲ್ಲಿ ಫೆರ್ನಾಂ ಪ್ವಾಂ ಎಂಬ ಸ್ಥೂಲಕಾಯನು ‘ಪಿರಮಿಡ್’ ಎಂಬ ಭೋಜನಗೃಹವನ್ನು ನಡೆಸಿದುದೂ ಇದೇ ಕಾಲದಲ್ಲಿ. ಪ್ಯಾರಿಸಿನಿಂದ ಮೆಡಿಟರೇನಿಯನ್ ತೀರಕ್ಕೆ ಇಳಿಯುವ ಏಳನೆಯ ರಾಷ್ಟ್ರೀಯ ಹೆದ್ದಾರಿ ಆ ಊರನ್ನು ಹಾದುಹೋಗುತ್ತಿದ್ದಿತು. ಬೆಳಗ್ಗೆ ರಾಜಧಾನಿಯನ್ನು ಬಿಟ್ಟವರಿಗೆ ಹಸಿವೂ ದಣಿವೂ ಸಂಧಿಸುವ ಸ್ಥಳ ಅದಾಗಿತ್ತು. ಪ್ವಾಂ ಕೂಡ ಬಂದವರ ಕೈಗೆ ಪಟ್ಟಿ ಕೊಡುವ ಗೊಡವೆಗೆ ಹೋಗದೆ, ಆ ದಿನದ ಪೇಟೆ ಕೊಟ್ಟುದನ್ನು ತನ್ನ ವಿವೇಚನೆಯಂತೆ ಬಡಿಸುತ್ತಿದ್ದನು. ಅವನ ಶಿಷ್ಯಪರಂಪರೆಯ ಮಾತು ಬೇರೊಂದು ಲೇಖನಕ್ಕಾಗುವಷ್ಟಿದೆ.

1936ರಲ್ಲಿ ಫ್ರಾನ್ಸಿನ ಕಾರ್ಮಿಕರಿಗೆ ಎರಡು ವಾರಗಳ ವೇತನಸಹಿತವಾದ ರಜೆ ಶಾಸನಬದ್ಧವಾದ ಮೇಲೆ, ಶ್ರೀಮಂತರ ಸೊತ್ತಾಗಿದ್ದ ಈ ಹೆದ್ದಾರಿಗೆ ಸಾಮಾನ್ಯ ಸಂಸಾರಗಳೂ ಇಳಿದುವು. ಅವರ ಕಿಸೆಗೆ ಪ್ವಾಂ ನಿಲುಕುವವನಲ್ಲ. ಅವರಿಗೆ ದಾರಿ ತೋರಿಸಿದವರು ಲಾರಿ ಚಾಲಕರು. 1934ರಲ್ಲಿ ಹುಟ್ಟಿದ ‘ಲೆ ರೂತಿಯೇ’ ಪತ್ರಿಕೆ, ಚಾಲಕರು ಮೆಚ್ಚಿದ ಅಗ್ಗದ ಊಟದ ಮನೆಗಳಿಗೆ ಕೆಂಪು ನೀಲಿ ಬಣ್ಣದ ದುಂಡನೆಯ ಫಲಕವೊಂದನ್ನು ಕೊಡುವ ಪದ್ಧತಿಯನ್ನು ಬೆಳೆಸಿತು. ರಸ್ತೆಯ ಪಕ್ಕದಲ್ಲಿ ಆ ಫಲಕವೂ, ಅದರ ಮುಂದೆ ಸಾಲಾಗಿ ನಿಂತ ಲಾರಿಗಳೂ ಕಂಡರೆ, ರಜೆಯ ಸಂಸಾರ ಕಾರನ್ನು ನಿಲ್ಲಿಸುತ್ತಿದ್ದಿತು. ಒಳಗೆ ಉದ್ದನೆಯ ಮೇಜು, ಒಂದೇ ಬೆಲೆ, ಆ ದಿನ ಬೆಂದ ಒಂದೇ ಅಡಿಗೆ. ಎಡಕ್ಕೆ ಮಾರ್ಸೇಯಿಗೆ ಹೋಗುವ ಚಾಲಕ, ಬಲಕ್ಕೆ ಅಲ್ಲಿಂದ ಬರುವ ಚಾಲಕ. ಆರ್ಥರ್ ಯಂಗ್ ದೂರಿದ ಮೌನ ಮಾತ್ರ ಅಲ್ಲಿರಲಿಲ್ಲ. ಮುಂದಿನ ತಿರುವಿನಲ್ಲಿ ಪೊಲೀಸರಿರುವರೆ, ಯಾವ ಊರಿನ ಒಲೆ ಈಗ ಕೈಬದಲಾಯಿತು ಎಂಬ ವರ್ತಮಾನಗಳು ರೊಟ್ಟಿಯ ಬುಟ್ಟಿಯೊಡನೆ ಮೇಜಿನ ಈ ತುದಿಯಿಂದ ಆ ತುದಿಗೆ ಸಾಗುತ್ತಿದ್ದುವು.