ಮಲತಾಯಿಯ ಸೌಟು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ. ಈ ಮೂರರಲ್ಲಿ ಯಾವ ಊರಿನ ತಹಶೀಲ್ದಾರ್ ಕಚೇರಿ ಮುಂದೆ ಧರಣಿ ಕೂತರೂ ಕೊನೆಗೊಂದು ಮನವಿ ಪತ್ರ ಕೊಟ್ಟೇ ಏಳುತ್ತಾರೆ. ಬೇಡಿಕೆಗಳು ಬೇರೆ ಬೇರೆ: ತೊಗರಿಗೆ ಬೆಲೆ, ಭೀಮೆಗೆ ನೀರು, ಮಾಸ್ತರಿಲ್ಲದ ಸಾಲಿಗೆ ಒಬ್ಬ ಮಾಸ್ತರು. ಒಕ್ಕಣೆ ಮಾತ್ರ ಒಂದೇ. ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಸರ್ಕಾರ ಈ ಭಾಗದ ಬಗ್ಗೆ 'ಮಲತಾಯಿ ಧೋರಣೆ' ಅನುಸರಿಸುತ್ತಾ ಬಂದಿರುತ್ತದೆ. ಅನುಸರಿಸದಿದ್ದರೆ ತಾಳಿರುತ್ತದೆ, ತಾಳದಿದ್ದರೆ ತೋರಿರುತ್ತದೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅದೇ ಪದ ದಪ್ಪಕ್ಷರದಲ್ಲಿ ಕಾಣುತ್ತದೆ. ಪಕ್ಷ ಯಾವುದೇ ಇರಲಿ, ವಿರೋಧದಲ್ಲಿದ್ದಾಗ ಎಲ್ಲರ ಬಾಯಲ್ಲೂ ಅವಳೇ.

ಅತ್ತ ಹಾಲಿವುಡ್‌ನಲ್ಲಿ ಇದೇ ಹೆಂಗಸಿಗೆ ಬೇರೆ ಉಪಚಾರ ನಡೆದಿದೆ. ಡಿಸ್ನಿ ಕಂಪನಿ ತನ್ನ ಹಳೆಯ ಕಾರ್ಟೂನ್ ಚಿತ್ರಗಳನ್ನು ಒಂದೊಂದಾಗಿ ಹೊರಗೆಳೆದು, ನಟನಟಿಯರನ್ನು ಹಾಕಿ ಮತ್ತೆ ತೆಗೆಯುತ್ತಿದೆ. 1950ರ 'ಸಿಂಡ್ರೆಲಾ' 2015ರಲ್ಲಿ ಮರಳಿ ಬಂತು. 1937ರ 'ಸ್ನೋ ವೈಟ್' 2025ರಲ್ಲಿ ಬಂತು. 1959ರ 'ಸ್ಲೀಪಿಂಗ್ ಬ್ಯೂಟಿ'ಯ ಶಾಪ ಕೊಡುವ ಮಾಟಗಾತಿಯೇ 2014ರಲ್ಲಿ 'ಮಲೆಫಿಸೆಂಟ್' ಆಗಿ ನಾಯಕಿಯಾದಳು. ತಾನೇ ಶಪಿಸಿದ ಹುಡುಗಿಯನ್ನು ಹೆತ್ತವರಿಗಿಂತ ಹೆಚ್ಚು ಹಚ್ಚಿಕೊಂಡು, ಕೊನೆಗೆ ತನ್ನ ಮುತ್ತಿನಿಂದಲೇ ಎಬ್ಬಿಸಿದಳು. ಹೊಸ ಕಾಲದ ಪ್ರೇಕ್ಷಕರಿಗೆ ಬರೀ ಕೆಟ್ಟವಳು ಸಾಲುವುದಿಲ್ಲ. ಯಾಕೆ ಕೆಟ್ಟಳು ಎಂಬುದಕ್ಕೆ ಹಿಂದೊಂದು ದುಃಖದ ಕಥೆ ಬೇಕು.

ಹಾಗಾದರೆ ನಮ್ಮ ಮನವಿ ಪತ್ರದ ಮಲತಾಯಿಗೂ ಹೊಸ ಆವೃತ್ತಿ ಬರಬಹುದೇ ಎಂದು ನನಗೆ ಅನ್ನಿಸುವುದುಂಟು. ಬರಲಾರದು ಎಂದೇ ನನ್ನ ಅಂದಾಜು. ಯಾಕೆಂದು ಹೇಳುವ ಮುಂಚೆ ಪದವನ್ನು ಒಂದಿಷ್ಟು ಕೇರಿ ನೋಡಬೇಕು.

'ಮಲ' ಎಂದ ಕೂಡಲೇ ಮೂಗು ಮುಚ್ಚಿಕೊಳ್ಳುವವರುಂಟು. ಕೊಳೆ ಎನ್ನುವ ಸಂಸ್ಕೃತದ ಮಲಕ್ಕೂ ಇದಕ್ಕೂ ಸಂಬಂಧ ಹಚ್ಚುವುದು ಸಲ್ಲದು. ಮಲತಂದೆ, ಮಲಮಗ, ಮಲಮಗಳು ಎಂದೂ ಹೇಳುತ್ತೇವಲ್ಲ. ಕೊಳೆ ಎಂಬ ಅರ್ಥವಿದ್ದಿದ್ದರೆ ಏನೂ ತಿಳಿಯದ ಕೂಸಿಗೂ ಅದು ಅಂಟಬೇಕಿತ್ತು. ಸಂಬಂಧ ಹುಟ್ಟಿನದಲ್ಲ, ಮದುವೆಯಿಂದ ಬಂದದ್ದು ಎಂದಷ್ಟೇ ಅದು ಹೇಳುತ್ತದೆ. ತಮಿಳರು ಅವಳನ್ನು 'ಮಾಟ್ರಾಂತಾಯ್' ಎನ್ನುತ್ತಾರೆ, ತೆಲುಗರು 'ಮಾರುತಲ್ಲಿ' ಎನ್ನುತ್ತಾರೆ. ಎರಡರಲ್ಲೂ ಇನ್ನೊಬ್ಬ ತಾಯಿ ಎಂಬ ಅರ್ಥವಿದೆ, ಬೈಗುಳವಿಲ್ಲ. ಆಳಂದದ ಸಂತೆಯಲ್ಲಿ ನಿಂತರೆ ಇನ್ನೆರಡು ಕೇಳುತ್ತವೆ: ಮರಾಠಿಯ 'ಸಾವತ್ರ ಆಯಿ', ಉರ್ದುವಿನ 'ಸೌತೇಲಿ ಮಾ'. ಇವೆರಡೂ ನಮ್ಮ 'ಸವತಿ'ಯ ಬಳಗ. ಅಂದರೆ ಅಲ್ಲಿ ಅವಳಿಗೆ ಹೆಸರು ಬಂದದ್ದು ಮೊದಲ ಹೆಂಡತಿಯ ಲೆಕ್ಕದಲ್ಲಿ, ಇಲ್ಲಿ ಮಗುವಿನ ಲೆಕ್ಕದಲ್ಲಿ. 'ಧೋರಣೆ'ಯೂ ಗಡಿಯಾಚೆ ಓಡಾಡುವ ಪದವೇ. ಮರಾಠಿಯಲ್ಲಿ ಧೋರಣ ಎಂದರೆ ಸರ್ಕಾರದ ನೀತಿ.

ವಿಚಿತ್ರವೆಂದರೆ ಮಲತಾಯಿ ಇರುವ ಮನೆಯಲ್ಲಿ ಈ ಪದ ಇರುವುದಿಲ್ಲ. ನಮ್ಮ ಕಡೆ ಯಾವ ಹುಡುಗನೂ ಅಪ್ಪನ ಎರಡನೇ ಹೆಂಡತಿಯನ್ನು ಹಾಗೆ ಕರೆಯುವುದಿಲ್ಲ. ಚಿಗವ್ವ ಎನ್ನುತ್ತಾನೆ, ಇಲ್ಲವೇ ಸಣ್ಣವ್ವ. ಅದು ಬರೀ ಮರ್ಯಾದೆಯ ಮಾತೂ ಅಲ್ಲ. ಅಕ್ಕ ತೀರಿಕೊಂಡರೆ ಅವಳ ಮಕ್ಕಳ ಸಲುವಾಗಿ ತಂಗಿಯನ್ನೇ ಕೊಡುವ ರೂಢಿ ಬಹಳ ಮನೆಗಳಲ್ಲಿತ್ತು. ಬಂದವಳು ಖರೇನೇ ಚಿಗವ್ವ. ಹದಿನೆಂಟು ತುಂಬದ ಹುಡುಗಿ ಅಕ್ಕನ ಮೂರು ಮಕ್ಕಳ ತಲೆ ಬಾಚುತ್ತಾ ತನ್ನ ಸಂಸಾರ ಶುರು ಮಾಡಿದ್ದನ್ನು ಕಂಡವರು ಇನ್ನೂ ಇದ್ದಾರೆ. ಅಂಥವಳ ಬೆನ್ನ ಹಿಂದೆ ಓಣಿಯವರು ಆಡುತ್ತಿದ್ದ ಪದ 'ಮಲತಾಯಿ'. ಕೂಸು ಸೊರಗಿದರೂ ಅವಳ ಮೇಲೆ, ಬಿದ್ದು ಮೊಣಕಾಲು ಕೆತ್ತಿಕೊಂಡರೂ ಅವಳ ಮೇಲೆ.

ಆ ಅನ್ಯಾಯದಲ್ಲಿ ಕಥೆಗಳ ಪಾಲು ದೊಡ್ಡದು. ಗ್ರಿಮ್ ಸಹೋದರರ ಕೈವಾಡವನ್ನೇ ನೋಡಿ. 1812ರ ಮೊದಲ ಮುದ್ರಣದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರ ಮುದ್ರಣಕ್ಕೆ ಅವಳನ್ನು ಮಲತಾಯಿ ಮಾಡಿದರು. ಕಾಡಿಗೆ ಮಕ್ಕಳನ್ನು ಬಿಟ್ಟುಬರಲು ಗಂಡನಿಗೆ ಹೇಳಿಕೊಟ್ಟ ಹ್ಯಾನ್ಸೆಲ್–ಗ್ರೆಟೆಲರ ತಾಯಿಯೂ 1840ರ ಹೊತ್ತಿಗೆ ಮಲತಾಯಿಯಾದಳು. ಹೆತ್ತ ತಾಯಿಯ ಹೆಸರು ಉಳಿಯಬೇಕಿತ್ತು, ತಪ್ಪು ಹೊರಲು ಒಬ್ಬಳು ಬೇಕಿತ್ತು. ಹಳೆಯ ಕಥೆಯನ್ನು ಕಾಲಕ್ಕೆ ತಕ್ಕಂತೆ ತಿದ್ದುವ ಕೆಲಸ ಡಿಸ್ನಿಯಿಂದ ಶುರುವಾದದ್ದೇನಲ್ಲ.

ಅಪ್ಪನಿಗೂ ಹೀಗೇ ರಿಯಾಯಿತಿ ಸಿಕ್ಕಿತು. ಫ್ರೆಂಚ್ ಲೇಖಕ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಸಿಂಡ್ರೆಲಾ ಕಥೆಯಲ್ಲಿ ಅಪ್ಪ ಬದುಕಿದ್ದಾನೆ. ಗ್ರಿಮ್ ಕಥೆಯಲ್ಲೂ ಇದ್ದಾನೆ. ಮಗಳು ಬೂದಿಯಲ್ಲಿ ಮಲಗುವುದನ್ನು ನೋಡಿಕೊಂಡು ಸುಮ್ಮನಿದ್ದಾನೆ. ಡಿಸ್ನಿ ಅವನನ್ನು ಶುರುವಿನಲ್ಲೇ ಸಾಯಿಸಿ ಪಾರು ಮಾಡಿತು, ಎರಡೂ ಸಲ. ನಮ್ಮ ಧ್ರುವನ ಕಥೆಯಲ್ಲಿ ಉತ್ತಾನಪಾದ ರಾಜನೂ ಸುಮ್ಮನೇ ಕೂತಿದ್ದ. ಮಗುವನ್ನು ತೊಡೆಯಿಂದ ಇಳಿಸಿದ ಸುರುಚಿಯ ಹೆಸರಷ್ಟೇ ಎಲ್ಲರ ನೆನಪಿನಲ್ಲಿ ಉಳಿಯಿತು. 'ಮಲತಂದೆ ಧೋರಣೆ' ಎಂದು ಯಾವ ಮನವಿ ಪತ್ರದಲ್ಲೂ ಬರೆದದ್ದನ್ನು ನಾನು ಕಾಣೆ.

ಯಾಕಿಲ್ಲ? ತಂದೆ ಬಡಿಸುವುದಿಲ್ಲ, ಅದಕ್ಕೆ.

ನಮ್ಮ ಕಥೆಗಳ ಮಲತಾಯಿಯ ಗುರುತು ಸಿಗುವುದು ಉಣ್ಣಲು ಕೂತಾಗ. ಅವಳ ಹತ್ತಿರ ಮಾತಾಡುವ ಕನ್ನಡಿ ಇಲ್ಲ, ವಿಷದ ಸೇಬಿಲ್ಲ. ತನ್ನ ಮಗಳ ತಾಟಿಗೆ ಹಂಚಿನ ಮೇಲಿಂದ ಇಳಿದ ಬಿಸಿ ರೊಟ್ಟಿ, ಅದರ ಮೇಲೆ ತುಪ್ಪ. ಸತ್ತವಳ ಮಗಳಿಗೆ ನಿನ್ನೆಯ ತಂಗಳು, ಖಾರದ ಹಿಂಡಿ, ಅದೂ ಎಲ್ಲರದೂ ಆದ ಮೇಲೆ. ಗ್ರಿಮ್ ಕಥೆಯಲ್ಲಿ ಸತ್ತ ತಾಯಿಯ ಗೋರಿಯ ಮೇಲೆ ಬೆಳೆದ ಮರ ಮಗಳಿಗೆ ಬಂಗಾರದ ಉಡುಪು ಕೊಡುತ್ತದೆ. ನಮ್ಮ ದೇಶದ ಹಲವು ಕಥೆಗಳಲ್ಲಿ ಸತ್ತ ತಾಯಿ ಆಕಳಾಗಿ ಬಂದು ಹಾಲು ಕೊಡುತ್ತಾಳೆ, ಮರವಾಗಿ ಹಣ್ಣು ಕೊಡುತ್ತಾಳೆ. ಅಲ್ಲಿ ಹುಡುಗಿಗೆ ಕುಣಿತಕ್ಕೆ ಹೋಗಬೇಕಿದೆ, ಇಲ್ಲಿ ಅವಳಿಗೆ ಹಸಿವಾಗಿದೆ.

ಜೇವರ್ಗಿ ಕಡೆಯ ಒಂದು ಮನೆಯಲ್ಲಿ ಮೊಮ್ಮಗಳು ಮೊಬೈಲಿನಲ್ಲಿ ಸಿಂಡ್ರೆಲಾ ಕಾರ್ಟೂನ್ ನೋಡುತ್ತಿದ್ದಳು. ಪಕ್ಕದಲ್ಲಿ ಆಯಿ ಮೊರದಲ್ಲಿ ತೊಗರಿಬ್ಯಾಳಿ ಹಸನು ಮಾಡುತ್ತಿದ್ದಳು. ಹುಡುಗಿ ಕಥೆ ಹೇಳುತ್ತಾ ಹೋದಳು: ಮಲತಾಯಿ ಬಟ್ಟೆ ಒಗೆಸ್ತಾಳ, ನೆಲ ಒರೆಸಸ್ತಾಳ, ಹಬ್ಬಕ್ಕ ಕಳಸಂಗಿಲ್ಲ ಅಂತಾಳ. ಆಯಿ ಹರಳು ಆರಿಸಿ ಎಸೆದು ಕೇಳಿದ್ದು ಒಂದೇ: "ಉಣ್ಲಾಕ ಏನ್ ಕೊಡ್ತಾಳ ಅಕಿಗಿ?" ಹುಡುಗಿ ಪರದೆಯನ್ನು ಹಿಂದೆ ಮುಂದೆ ಎಳೆದು ನೋಡಿದಳು. "ಅದು ತೋರಸಂಗಿಲ್ಲ ಆಯಿ." "ಹಂಗಾದ್ರ ಹ್ಯಾಂಗ್ ಗೊತ್ತಾಗ್ತದ ಅಕಿ ಮಲತಾಯಿ ಅಂತ?" ಎಂದಳು ಮುದುಕಿ, ಮತ್ತೆ ಮೊರ ಕುಟ್ಟಿದಳು.

ಈ ಪ್ರಶ್ನೆ ಹಿಡಿದುಕೊಂಡು ಹೊಸ ಚಿತ್ರಗಳನ್ನು ನೋಡಿದರೆ ತಮಾಷೆಯಾಗಿದೆ. 2015ರ 'ಸಿಂಡ್ರೆಲಾ'ದಲ್ಲಿ ಮಲತಾಯಿಯಾದ ಕೇಟ್ ಬ್ಲಾಂಚೆಟ್ ತನ್ನದೇ ಬಾಳನ್ನು ಕಥೆಯಂತೆ ಹೇಳಿಕೊಳ್ಳುತ್ತಾಳೆ: ಪ್ರೀತಿಸಿ ಮದುವೆಯಾದದ್ದು, ಗಂಡ ಸತ್ತದ್ದು, ಹೆಣ್ಣುಮಕ್ಕಳ ಸಲುವಾಗಿ ಮತ್ತೆ ಮದುವೆಯಾದದ್ದು. ಚಂದದ ನಟನೆ. ಕೊನೆಗೆ ಹುಡುಗಿ ಅವಳನ್ನು ಕ್ಷಮಿಸಿಬಿಡುತ್ತಾಳೆ. ನಮ್ಮ ಆಯಿ ಇದನ್ನು ನೋಡಿದ್ದರೆ ಕಣ್ಣೊರೆಸಿಕೊಂಡು, ಅದೆಲ್ಲ ಖರೆ, ಆದ್ರ ಬಡಸಾಗ ಎರಡು ಮಾಡಬಾರದಿತ್ತು ಎನ್ನುತ್ತಿದ್ದಳು. 2025ರ 'ಸ್ನೋ ವೈಟ್' ಬಹಳ ಜನಕ್ಕೆ ಹಿಡಿಸಲಿಲ್ಲ, ನನಗೂ ಅಷ್ಟಕ್ಕಷ್ಟೇ. ಆದರೆ ಅದರಲ್ಲೊಂದು ಸಂಗತಿ ಇದೆ. ಅರಮನೆಯ ಅಡುಗೆಮನೆಯಿಂದ ಆಲೂಗಡ್ಡೆ ಕದ್ದು ಸಿಕ್ಕಿಬಿದ್ದ ಯುವಕನನ್ನು ರಾಣಿ ಕಟ್ಟಿಹಾಕಿಸುತ್ತಾಳೆ. ರಾಜ್ಯದಲ್ಲಿ ಬೆಳೆದದ್ದೆಲ್ಲ ಅವಳ ಉಗ್ರಾಣದಲ್ಲಿದೆ, ಹೊರಗೆ ಜನ ಹಸಿದಿದ್ದಾರೆ. ಎಂಬತ್ತೆಂಟು ವರ್ಷ ಕನ್ನಡಿ ನೋಡಿಕೊಂಡಿದ್ದವಳನ್ನು ಕೊನೆಗೂ ಉಗ್ರಾಣದ ಬಾಗಿಲಿಗೆ ತಂದು ನಿಲ್ಲಿಸಿದ್ದಾರೆ. ಅಷ್ಟರ ಮಟ್ಟಿಗೆ ಅವಳು ನಮ್ಮ ಮನವಿ ಪತ್ರದವಳಿಗೆ ಹತ್ತಿರದ ನೆಂಟಳು.

ಕೆಟ್ಟವರೆನಿಸಿಕೊಂಡವರ ಒಳಗನ್ನು ನೋಡುವುದು ಕನ್ನಡಕ್ಕೆ ಹೊಸತಲ್ಲ. 'ಮಲೆಫಿಸೆಂಟ್' ಬರುವುದಕ್ಕೆ ಅರವತ್ತೈದು ವರ್ಷ ಮೊದಲೇ, 1949ರಲ್ಲಿ, ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಮಂಥರೆಯ ಗೂನು ಬೆನ್ನಿನ ಹಿಂದೆ ಮಮತೆಯನ್ನು ಕಂಡಿದ್ದರು. ಇನ್ನು ಎ.ಕೆ. ರಾಮಾನುಜನ್ ಹೊರಗಿನ ವಿದ್ವಾಂಸರಿಗೆ ತೋರಿಸಿಕೊಟ್ಟ ಕನ್ನಡದ ಸಿಂಡ್ರೆಲಾ, ಅಂದರೆ ಹಂಚಿಯ ಕಥೆಯಲ್ಲಿ ಮಲತಾಯಿಯೇ ಇಲ್ಲ. ಬಂಗಾರದ ಕೂದಲಿನ ಮಗಳ ಮೇಲೆ ಅಣ್ಣನ ಕಣ್ಣೇ ಬಿದ್ದಾಗ, ಹೆತ್ತ ತಾಯಿ ಅವಳ ಮುಖಕ್ಕೆ ಮಣ್ಣಿನ ಹಂಚು ಮುಚ್ಚಿ ಮನೆ ಬಿಡಿಸುತ್ತಾಳೆ. ಹಂಚು ಅಂಟಿಕೊಂಡು ಹೆಸರೂ ಹಂಚಿ ಎಂದಾಗುತ್ತದೆ. ಮುಂದೆ ಕಾಡುವವನೂ ಒಬ್ಬ ಗುರುಸ್ವಾಮಿ, ಗಂಡಸೇ. ಹಂಚು ಎಂದರೆ ರೊಟ್ಟಿ ಬೇಯುವ ಹಂಚೂ ಹೌದು, ಪಾಲು ಹಂಚುವುದೂ ಹೌದು ಎಂಬುದನ್ನು ಯಾರಾದರೂ ಸಿನಿಮಾದವರು ಗಮನಿಸಲಿ ಎಂದು ಇಲ್ಲಿ ಬರೆದಿಟ್ಟಿದ್ದೇನೆ.

ಸಿನಿಮಾದವರ ಮಾತು ಬಂದಾಗ 'ಮಲ್ಲಮ್ಮನ ಪವಾಡ' ಬಿಡುವ ಹಾಗಿಲ್ಲ. ಬಿ. ಪುಟ್ಟಸ್ವಾಮಯ್ಯನವರ 'ಅರ್ಧಾಂಗಿ' ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1969ರಲ್ಲಿ ಮಾಡಿದ ಚಿತ್ರ ಅದು; ನಟಿಸಿದವರು ರಾಜ್‌ಕುಮಾರ್, ಬಿ. ಸರೋಜಾದೇವಿ. ಅದರ ಕಥೆ 1987ರಲ್ಲಿ ತಮಿಳಿನ 'ಎಂಗ ಚಿನ್ನ ರಾಸಾ' ಆಯಿತು, 1992ರಲ್ಲಿ ಹಿಂದಿಯ 'ಬೇಟಾ' ಆಯಿತು, 1993ರಲ್ಲಿ ರವಿಚಂದ್ರನ್ ಅವರ 'ಅಣ್ಣಯ್ಯ'ನಾಗಿ ಕನ್ನಡಕ್ಕೇ ಮರಳಿತು. ಹಿಂದಿಯಲ್ಲಿ ಮಲತಾಯಿಯಾಗಿದ್ದ ಅರುಣಾ ಇರಾನಿಯವರೇ ಕನ್ನಡಕ್ಕೂ ಬಂದರು. ಈ ಮಲತಾಯಿ ಜಾಣೆ. ತುಪ್ಪ ಸರಿಯಾಗಿಯೇ ಬಡಿಸುತ್ತಾಳೆ, ಮುದ್ದೂ ಮಾಡುತ್ತಾಳೆ. ಕೊಡದೇ ಉಳಿಸಿಕೊಂಡದ್ದು ಅಕ್ಷರ. ಮಗ ಓದಿದರೆ ಆಸ್ತಿಯ ಕಾಗದ ಓದುತ್ತಾನಲ್ಲ! ಓದಿದ ಸೊಸೆ ಬರುವವರೆಗೂ ಅವನಿಗೆ ತನ್ನ ಪಾಲೇನೆಂಬುದು ತಿಳಿಯುವುದಿಲ್ಲ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಗೆ ನಿಂತಾಗ ನನಗೆ ನೆನಪಾದದ್ದು ಈ ಸಿನಿಮಾ.

ಪಾಲಿನ ಲೆಕ್ಕವನ್ನು ಸರ್ಕಾರವೇ ಒಮ್ಮೆ ಹಾಕಿಸಿತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ 175 ತಾಲ್ಲೂಕುಗಳನ್ನು 35 ಅಳತೆಗೋಲುಗಳಿಂದ ತೂಗಿ ನೋಡಿತ್ತು. 114 ತಾಲ್ಲೂಕು ಹಿಂದುಳಿದವು, ಅದರಲ್ಲಿ 39 'ಅತ್ಯಂತ ಹಿಂದುಳಿದವು'. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ 39ರಲ್ಲಿ ಇದ್ದವು. ಯಾರ ತಾಟಿಗೆ ಎಷ್ಟು ಬಿತ್ತು ಎಂದು ಸೌಟು ಎಣಿಸಿ ಬರೆದ ದಾಖಲೆ ಅದು. ಅದರಲ್ಲಿ ದುಃಖದ ಹಿನ್ನೆಲೆ ಕಥೆ ಯಾರಿಗೂ ಇಲ್ಲ; ಹೊಸ ಆವೃತ್ತಿ ಬರಲಾರದು ಎಂದದ್ದು ಅದಕ್ಕೇ. 2004ರಲ್ಲಿ ಜೇವರ್ಗಿಯ ಧರ್ಮಸಿಂಗ್ ಅವರೇ ಮುಖ್ಯಮಂತ್ರಿಯಾದರು. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನದ 371 (ಜೆ) ವಿಧಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವಾಯಿತು. ಇಷ್ಟಾದರೂ ಮನವಿ ಪತ್ರದ ಎರಡನೇ ಪ್ಯಾರಾ ಬದಲಾಗಲಿಲ್ಲ.

ಆದರೆ ಈ ಬೈಗುಳದಲ್ಲಿ ಒಂದು ಹಕ್ಕಿನ ಮಾತೂ ಅಡಗಿದೆ. ಬೇಸಿಗೆಯಲ್ಲಿ ಭೀಮೆ ಒಣಗಿ, ಉಜನಿ ಅಣೆಕಟ್ಟೆಯಿಂದ ನೀರು ಬಿಡದಿದ್ದಾಗ ಅಫಜಲಪುರದ ರೈತ ಮಹಾರಾಷ್ಟ್ರವನ್ನು ಏನೇನೋ ಬೈಯುತ್ತಾನೆ, ಮಲತಾಯಿ ಮಾತ್ರ ಎನ್ನುವುದಿಲ್ಲ. ಅವರು ನೆರೆಮನೆಯವರು. ಮಲತಾಯಿ ಎನ್ನಬೇಕಾದರೆ ಒಂದೇ ಸೂರು, ಒಂದೇ ಒಲೆ ಇರಬೇಕು. ಅದಕ್ಕೇ ಗಡಿಯಾಚೆಯ ಅಕ್ಕಲಕೋಟೆ, ಜತ್ತದ ಕನ್ನಡಿಗರು ಅದೇ ಪದವನ್ನು ಮುಂಬೈ ಕಡೆಗೆ ತಿರುಗಿಸುತ್ತಾರೆ. ನಮ್ಮ ಭಾಗವಂತೂ ನಿಜಾಮನ ಮನೆಯಿಂದ 1948ರಲ್ಲಿ ಹೊರಬಂದು, 1956ರಲ್ಲಿ ಈ ಮನೆ ಸೇರಿದ್ದು. ತಡವಾಗಿ ಬಂದ ಮಗು ತಾಟು ನೋಡುವುದು ಸಹಜ; ಪಕ್ಕದ ತಾಟನ್ನೂ ನೋಡುತ್ತದೆ.

ಒಮ್ಮೆ ನೋಡಲು ಕಲಿತರೆ ಬಿಡುವುದೂ ಕಷ್ಟ. ದಿಲ್ಲಿ ಬೆಂಗಳೂರಿಗೆ ಮಲತಾಯಿ, ಬೆಂಗಳೂರು ಕಲಬುರಗಿಗೆ, ಕಲಬುರಗಿ ಜೇವರ್ಗಿಗೆ. ಜೇವರ್ಗಿ ತಮಗೆ ಮಲತಾಯಿ ಎನ್ನುತ್ತಿದ್ದ ಯಡ್ರಾಮಿಯವರು ಬೇರೆ ತಾಲ್ಲೂಕೇ ಮಾಡಿಸಿಕೊಂಡರು. ಆ ಕಡೆಯ ಒಂದು ಹಳ್ಳಿಯಲ್ಲಿ ನೀರಿನ ಟ್ಯಾಂಕರು ಮೇಲಿನ ಓಣಿಗೆ ಎರಡು ಸಲ ಬಂದು ಕೆಳಗಿನ ಓಣಿಗೆ ಬರದೇ ಹೋದ ದಿನ, ಖಾಲಿ ಕೊಡದ ಸಾಲಿನಲ್ಲಿ ನಿಂತ ಹೆಂಗಸೊಬ್ಬಳು ಪಂಚಾಯ್ತಿ ಮೆಂಬರನ ಹೆಂಡತಿಯನ್ನೇ ತಡೆದು ಕೇಳಿದಳಂತೆ: "ಯಕ್ಕಾ, ನಿನ್ ಗಂಡ ನಮಗೇನ್ ಮಲತಾಯೇನ?"